ವೆಬ್‌ಹುಕ್ ವಿಳಾಸ ಗೊತ್ತಿದ್ದರೆ ಯಾರು ಬೇಕಾದರೂ ಆರ್ಡರ್ ಓಡಿಸಬಹುದಾ? ದಾಲ್ ಮಿಲ್ ಪೇಮೆಂಟ್ ಫ್ಲೋ, ಕಲಬುರಗಿ

ತೊಗರಿ_ಪಿಎಚ್‌ಪಿ (ಕಲಬುರಗಿ)

ಎಲ್ಲರಿಗೂ ಶರಣು.

ನೆಹರು ಗಂಜ್ ಕಡೆಯ ಒಂದು ದಾಲ್ ಮಿಲ್‌ನ ಆನ್‌ಲೈನ್ ಅಂಗಡಿಯ ಕೆಲಸ ಈಗ ನನ್ನ ಕೈಗೆ ಬಂದಿದೆ. 1 ಕೆಜಿ, 5 ಕೆಜಿ ತೊಗರಿಬೇಳೆ ಪಾಕೀಟು ಮಾರುತ್ತಾರೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದರ ಹೆಸರು ಹೇಳಿಯೇ ಬೆಂಗಳೂರು, ಪುಣೆಯಿಂದ ಕೇಳುವವರಿದ್ದಾರೆ.

ಈಗಿನ ವ್ಯವಸ್ಥೆ ಹೀಗಿದೆ. ಗಿರಾಕಿ ದುಡ್ಡು ಕಟ್ಟುತ್ತಾರೆ. ಪೇಮೆಂಟ್ ಗೇಟ್‌ವೇ (ಆನ್‌ಲೈನ್‌ನಲ್ಲಿ ದುಡ್ಡು ಪಡೆದುಕೊಡುವ ಕಂಪನಿ) ನಮ್ಮ ಸರ್ವರ್‌ಗೆ ಒಂದು ವೆಬ್‌ಹುಕ್, ಅಂದರೆ ದುಡ್ಡು ಬಂತು ಅನ್ನುವ ಸುದ್ದಿ, ತಾನಾಗೇ ಕಳಿಸುತ್ತದೆ. ಅದು ಬಂದ ಕೂಡಲೇ ಮಿಲ್‌ನ ಪ್ರಿಂಟರ್‌ನಲ್ಲಿ ಪ್ಯಾಕಿಂಗ್ ಚೀಟಿ ಬರುತ್ತದೆ, ಗಿರಾಕಿಗೆ ವಾಟ್ಸಾಪ್ ಹೋಗುತ್ತದೆ, ಕೊರಿಯರ್ ಪಿಕಪ್ ಬುಕ್ ಆಗುತ್ತದೆ. ನಡುವೆ ಯಾರೂ ಕೈ ಹಾಕಬೇಕಾಗಿಲ್ಲ.

ಕೋಡ್ ನೋಡುವಾಗ ಅನುಮಾನ ಬಂತು. ನನ್ನ ಲ್ಯಾಪ್‌ಟಾಪ್‌ನಿಂದ ಕರ್ಲ್ ಕಮಾಂಡ್‌ನಲ್ಲಿ (ವೆಬ್ ವಿಳಾಸಕ್ಕೆ ಕೈಯಿಂದ ಡೇಟಾ ಕಳಿಸುವ ಸಾಧನ) ನಾಲ್ಕು ಸಾಲಿನ ಜೆಸನ್ (ಡೇಟಾ ಬರೆಯುವ ಒಂದು ರೂಪ) ಬರೆದು, ಈವೆಂಟ್ ಹೆಸರು 'ಪೇಮೆಂಟ್.ಕ್ಯಾಪ್ಚರ್ಡ್' (ದುಡ್ಡು ಜಮಾ ಆಯಿತು) ಅಂತ ಹಾಕಿ ಅದೇ ವಿಳಾಸಕ್ಕೆ ಕಳಿಸಿದೆ. ಒಂದು ಪೈಸೆ ಕಟ್ಟಿಲ್ಲ. ಮಿಲ್‌ನಲ್ಲಿ ಚೀಟಿ ಪ್ರಿಂಟ್ ಆಯಿತು. ನಾನು ಫೋನ್ ಮಾಡುವಷ್ಟರಲ್ಲಿ ಹುಡುಗರು 5 ಕೆಜಿ ಪಾಕೀಟಿಗೆ ಲೇಬಲ್ ಅಂಟಿಸಿ ಇಟ್ಟಿದ್ದರು.

ಮೊದಲು ಮಾಡಿದವರು ಹೇಳುವುದು ಇಷ್ಟು: 'ವಿಳಾಸದ ಕೊನೆಗೆ ಉದ್ದನೆಯ ಗುಪ್ತ ಅಕ್ಷರಗಳಿವೆ, ಅದು ಯಾರಿಗೆ ಗೊತ್ತಾಗುತ್ತೆ?' ಇದು ಸಾಕಾ? ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರುವ ಮುಂಚೆ ಇದನ್ನು ಸರಿ ಮಾಡಬೇಕು. ಆಮೇಲೆ ಮಿಲ್‌ನಲ್ಲಿ ಯಾರಿಗೂ ಪುರುಸೊತ್ತು ಇರಲ್ಲ.

ಶಹಾಪುರ_ಸಿಸ್‌ಆಡ್ಮಿನ್ (ಯಾದಗಿರಿ ಜಿಲ್ಲೆ)

ಸಾಕಾಗಲ್ರೀ. ವಿಳಾಸ ಅನ್ನೋದು ಎಲ್ಲೆಲ್ಲೋ ಬರೆದಿಟ್ಟಿರುತ್ತದೆ. ನಿಮ್ಮ ಸರ್ವರ್‌ನ ಆಕ್ಸೆಸ್ ಲಾಗ್‌ನಲ್ಲಿ ಪ್ರತಿ ಸಲ ಪೂರ್ತಿ ಸಾಲು ಬೀಳುತ್ತದೆ. ಪ್ರಾಕ್ಸಿ ಇದ್ದರೆ ಅದರ ಲಾಗ್‌ನಲ್ಲೂ ಇರುತ್ತದೆ. ಯಾರೋ ಡ್ಯಾಶ್‌ಬೋರ್ಡ್‌ನ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದರೆ ಅದರಲ್ಲೂ ಕಾಣುತ್ತದೆ. ಹಳೆ ಡೆವಲಪರ್‌ಗಂತೂ ಗೊತ್ತೇ ಇದೆ. ಉದ್ದ ಇರಲಿ, ಒಳ್ಳೆಯದೇ. ಆದರೆ ಅದನ್ನು ಬೀಗ ಅಂತ ತಿಳಿಯಬೇಡಿ.

ವೆಬ್‌ಹುಕ್ ಅಂದರೆ ಹೊರಗಿನಿಂದ ಬರುವ ಒಂದು ಮಾಮೂಲಿ ಎಚ್‌ಟಿಟಿಪಿ ಪೋಸ್ಟ್ (ವೆಬ್ ಮೂಲಕ ಡೇಟಾ ಕಳಿಸುವ ವಿನಂತಿ), ಅಷ್ಟೇ. 2007ರಲ್ಲಿ ಜೆಫ್ ಲಿಂಡ್ಸೆ ಈ ಹೆಸರು ಬಳಕೆಗೆ ತಂದಾಗಲೂ ಅದು ಇಷ್ಟೇ ಸರಳ ಇತ್ತು. ಯಾರು ಕಳಿಸಿದರು ಅನ್ನೋದಕ್ಕೆ ಅದರಲ್ಲಿ ತಾನಾಗೇ ಯಾವ ಸಾಕ್ಷಿಯೂ ಇಲ್ಲ. ಸಾಕ್ಷಿಯನ್ನು ನಾವೇ ಕೇಳಬೇಕು.

ಗಂಜ್‌ನಲ್ಲಿ ಚೀಟಿ ತಂದವನ ಮುಖ ನೋಡಿ ಮಾಲು ಬಿಡಲ್ಲ, ಅಡತಿಯವರ ಸಹಿ ನೋಡಿ ಬಿಡುತ್ತಾರೆ ಅಲ್ವಾ? ಇಲ್ಲಿ ಆ ಸಹಿಯ ಹೆಸರು ಎಚ್‌ಮ್ಯಾಕ್. ಗೇಟ್‌ವೇಗೂ ನಿಮಗೂ ಮಾತ್ರ ಗೊತ್ತಿರುವ ಒಂದು ಸೀಕ್ರೆಟ್ ಇರುತ್ತದೆ. ಅವರು ಕಳಿಸುವ ಬಾಡಿಯನ್ನೂ (ಸುದ್ದಿಯ ಒಳಗಿನ ಪೂರ್ತಿ ಡೇಟಾ) ಆ ಸೀಕ್ರೆಟ್ಟನ್ನೂ ಸೇರಿಸಿ ಎಸ್‌ಎಚ್‌ಎ-256 ಅನ್ನುವ ಗಣಿತ ಸೂತ್ರದಿಂದ ಲೆಕ್ಕ ಮಾಡಿ, ಬಂದ ಸಹಿಯನ್ನು ಒಂದು ಹೆಡರ್‌ನಲ್ಲಿ (ಬಾಡಿಯ ಜೊತೆ ಹೋಗುವ ಮೇಲ್ಸಾಲು) ಇಡುತ್ತಾರೆ. ನೀವು ನಿಮ್ಮ ಕಡೆ ಅದೇ ಲೆಕ್ಕ ಮಾಡಿ ಹೋಲಿಸುತ್ತೀರಿ. ಸೀಕ್ರೆಟ್ ಯಾವತ್ತೂ ವೈರ್ ಮೇಲೆ ಹೋಗುವುದೇ ಇಲ್ಲ. ಬಾಡಿಯಲ್ಲಿ ಒಂದು ಅಕ್ಷರ ಬದಲಾದರೂ ಸಹಿ ತಾಳೆ ಆಗಲ್ಲ. ಇದು ಹೊಸದೇನಲ್ಲ, 1997ರ ಆರ್‌ಎಫ್‌ಸಿ 2104 ಅನ್ನುವ ಇಂಟರ್‌ನೆಟ್ ತಾಂತ್ರಿಕ ದಾಖಲೆಯಲ್ಲೇ ಬರೆದಿಟ್ಟ ವಿಧಾನ.

ಗೇಟ್‌ವೇ ರೇಜರ್‌ಪೇ ಆದರೆ 'ಎಕ್ಸ್-ರೇಜರ್‌ಪೇ-ಸಿಗ್ನೇಚರ್', ಕೋಡ್ ಇಡುವ ತಾಣ ಗಿಟ್‌ಹಬ್ ಆದರೆ 'ಎಕ್ಸ್-ಹಬ್-ಸಿಗ್ನೇಚರ್-256', ಇನ್ನೊಂದು ಗೇಟ್‌ವೇ ಸ್ಟ್ರೈಪ್ ಆದರೆ 'ಸ್ಟ್ರೈಪ್-ಸಿಗ್ನೇಚರ್' ಹೆಡರ್ ನೋಡಿ. ನಿಮ್ಮ ಗೇಟ್‌ವೇಯ ಡಾಕ್ಯುಮೆಂಟ್‌ನಲ್ಲೂ ಒಂದು ಇದ್ದೇ ಇರುತ್ತದೆ.

ಅಲ್ಲಿಯವರೆಗೆ ಒಂದು ಕೆಲಸ ಈಗಲೇ ಮಾಡಿ. ಕೊರಿಯರ್ ಬುಕಿಂಗ್ ಭಾಗ ನಿಲ್ಲಿಸಿ. ಮಿಲ್‌ನವರು ಡ್ಯಾಶ್‌ಬೋರ್ಡ್‌ನಲ್ಲಿ ದುಡ್ಡು ನೋಡಿ ಕೈಯಿಂದ ಬುಕ್ ಮಾಡಲಿ.

ತೊಗರಿ_ಪಿಎಚ್‌ಪಿ

ಬಹಳ ಉಪಕಾರ ಅಣ್ಣಾ. ಬುಕಿಂಗ್ ನಿಲ್ಲಿಸಿದೆ. ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ಸೀಕ್ರೆಟ್ ಹಾಕುವ ಜಾಗ ಖಾಲಿಯೇ ಇತ್ತು. ಸೀಕ್ರೆಟ್ ಎಂಥದ್ದು ಇಡಬೇಕು? ಮಿಲ್‌ನವರು ಮಿಲ್ ಹೆಸರಿನ ಮುಂದೆ 123 ಸೇರಿಸೋಣ ಅಂತಾರೆ.

ಶಹಾಪುರ_ಸಿಸ್‌ಆಡ್ಮಿನ್

ಬೇಡವೇ ಬೇಡ. ಇದನ್ನು ಯಾರೂ ನೆನಪಿಡಬೇಕಾಗಿಲ್ಲ, ಹಾಗಾಗಿ ಮನುಷ್ಯರು ಯೋಚಿಸಿ ಇಡುವ ಅಗತ್ಯವೂ ಇಲ್ಲ. ಓಪನ್‌ಎಸ್‌ಎಸ್‌ಎಲ್‌ನ ರ್‍ಯಾಂಡ್ ಕಮಾಂಡ್‌ನಲ್ಲಿ 32 ಬೈಟ್ ಹೆಕ್ಸ್ ತೆಗೆಯಿರಿ, 64 ಅಕ್ಷರ ಬರುತ್ತದೆ. ಎಪಿಐ (ನಮ್ಮ ಕೋಡ್ ಗೇಟ್‌ವೇಯನ್ನು ಮಾತಾಡಿಸುವ ದಾರಿ) ಕೀ ಜೊತೆ ಕೊಟ್ಟ ಸೀಕ್ರೆಟ್ಟನ್ನೇ ಇಲ್ಲೂ ಹಾಕಬೇಡಿ, ಇದು ಬೇರೆಯೇ ಇರಲಿ.

ಇಡುವ ಜಾಗವೂ ಮುಖ್ಯ. ಕೋಡ್ ಒಳಗೆ ಬರೆಯಬೇಡಿ, ಕೋಡ್‌ನ ಇತಿಹಾಸ ಇಡುವ ಗಿಟ್‌ಗೆ ಹೋಗುತ್ತದೆ. ಎನ್ವಿರಾನ್‌ಮೆಂಟ್ ಫೈಲ್‌ನಲ್ಲಿ ಇಡಿ. ಆ ಫೈಲ್ ವೆಬ್ ಫೋಲ್ಡರ್ ಹೊರಗೆ ಇರಲಿ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಈ ಫೈಲ್ ಬ್ರೌಸರ್‌ನಲ್ಲಿ ನೇರ ತೆರೆಯುವಂತೆ ಬಿಟ್ಟಿರುವುದು ಎಷ್ಟೋ ಕಡೆ ನೋಡಿದ್ದೇನೆ. ನಿಮ್ಮ ಸೈಟ್ ವಿಳಾಸದ ಮುಂದೆ ಅದರ ಹೆಸರು ಹೊಡೆದು ಒಮ್ಮೆ ಪರೀಕ್ಷೆ ಮಾಡಿ.

ಬಿದ್ರಿ_ಬ್ಯಾಕೆಂಡ್ (ಬೀದರ್)

ಪಿಎಚ್‌ಪಿ ಅಂದರಲ್ಲ, ಹೋಲಿಸುವ ಸಾಲಿನ ಬಗ್ಗೆ ಒಂದು ಮಾತು. ಎರಡು ಸಹಿಗಳನ್ನು ಸುಮ್ನೆ ಎರಡು ಸಮ ಚಿಹ್ನೆ ಹಾಕಿ ಹೋಲಿಸಬೇಡಿ. 'ಹ್ಯಾಶ್_ಈಕ್ವಲ್ಸ್' ಬಳಸಿ, ಪಿಎಚ್‌ಪಿ 5.6ರಿಂದಲೂ ಇದೆ. ಮಾಮೂಲಿ ಹೋಲಿಕೆ ಮೊದಲ ತಪ್ಪು ಅಕ್ಷರ ಸಿಕ್ಕ ಕೂಡಲೇ ನಿಲ್ಲುತ್ತದೆ. ಆ ಸಣ್ಣ ಸಮಯದ ವ್ಯತ್ಯಾಸ ಅಳೆದು ಸಹಿಯನ್ನು ಅಕ್ಷರ ಅಕ್ಷರವಾಗಿ ಊಹಿಸಲು ದಾರಿ ಆಗಬಹುದು. ಹ್ಯಾಶ್_ಈಕ್ವಲ್ಸ್ ಎಲ್ಲಿ ತಪ್ಪಿದ್ದರೂ ಒಂದೇ ಸಮಯ ತೆಗೆದುಕೊಳ್ಳುತ್ತದೆ.

ಪಿಎಚ್‌ಪಿಯಲ್ಲಿ ಇನ್ನೊಂದು ಕಾರಣವೂ ಇದೆ. ಎರಡೂ ಸ್ಟ್ರಿಂಗ್ '0ಇ' ಅಂತ ಶುರುವಾಗಿ ಮುಂದೆ ಬರೀ ಅಂಕಿ ಇದ್ದರೆ, ಎರಡು ಸಮ ಚಿಹ್ನೆ ಅವನ್ನು ಸಂಖ್ಯೆ ಅಂತ ಓದಿ ಎರಡೂ ಸೊನ್ನೆ, ಎರಡೂ ಸಮ ಅಂತ ಹೇಳಿಬಿಡುತ್ತದೆ. ಪೈಥಾನ್‌ನವರಿಗೆ ಎಚ್‌ಮ್ಯಾಕ್ ಮಾಡ್ಯೂಲ್‌ನ 'ಕಂಪೇರ್_ಡೈಜೆಸ್ಟ್', ನೋಡ್‌ನವರಿಗೆ ಕ್ರಿಪ್ಟೋದ 'ಟೈಮಿಂಗ್‌ಸೇಫ್‌ಈಕ್ವಲ್'. ನೋಡ್‌ನದ್ದು ಉದ್ದ ಬೇರೆ ಇದ್ದರೆ ಎರರ್ ಎಸೆಯುತ್ತದೆ, ಮೊದಲು ಉದ್ದ ನೋಡಿ.

ತೊಗರಿ_ಪಿಎಚ್‌ಪಿ

ಹಾಕಿದೆ ಅಕ್ಕಾ. ಈಗ ವಿಚಿತ್ರ ತೊಂದರೆ. ಕೆಲವು ಆರ್ಡರ್ ಪಾಸ್ ಆಗುತ್ತವೆ, ಕೆಲವು ಸಹಿ ತಾಳೆ ಇಲ್ಲ ಅಂತ ಬೀಳುತ್ತವೆ. ಎಲ್ಲವೂ ನಿಜವಾದ ಪೇಮೆಂಟ್‌ಗಳೇ, ಡ್ಯಾಶ್‌ಬೋರ್ಡ್‌ನಲ್ಲಿ ದುಡ್ಡು ಕಾಣುತ್ತದೆ.

ಬಿದ್ದವನ್ನು ಒಂದು ಕಡೆ ಇಟ್ಟು ನೋಡಿದೆ. ಗಿರಾಕಿ ವಿಳಾಸವನ್ನು ಕನ್ನಡದಲ್ಲಿ ಬರೆದವು ಎಲ್ಲ ಬೀಳುತ್ತಿವೆ. 'ಸೇಡಂ ರಸ್ತೆ' ಅಂತ ಕನ್ನಡದಲ್ಲಿದ್ದರೆ ಫೇಲ್, ಅದೇ ಇಂಗ್ಲಿಷ್ ಅಕ್ಷರದಲ್ಲಿದ್ದರೆ ಪಾಸ್. ಇಂಗ್ಲಿಷ್‌ನಲ್ಲೂ ಮನೆ ನಂಬರ್ 12/3 ಥರ ಇದ್ದದ್ದು ಬಿದ್ದಿದೆ. ಇಲ್ಲಿನ ಫ್ರೇಮ್‌ವರ್ಕ್ ಬಾಡಿಯನ್ನು ಮೊದಲೇ ಬಿಡಿಸಿ ಅರೇ ಮಾಡಿ ಕೊಡುತ್ತದೆ. ಅದನ್ನು ಜೆಸನ್_ಎನ್‌ಕೋಡ್ ಮಾಡಿ ಸಹಿ ಲೆಕ್ಕ ಹಾಕುತ್ತಿದ್ದೇನೆ.

ಬಿದ್ರಿ_ಬ್ಯಾಕೆಂಡ್

ಇಲ್ಲೇ ಸಿಕ್ಕಿತು. ಈ ತೊಂದರೆ ಕನ್ನಡದಲ್ಲಿ ವ್ಯಾಪಾರ ಮಾಡುವ ಎಲ್ಲರಿಗೂ ಬರುತ್ತದೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಸಹಿ ಆಗುವುದು ಅರ್ಥದ ಮೇಲಲ್ಲ, ಬೈಟ್‌ಗಳ ಮೇಲೆ. ಗೇಟ್‌ವೇ 'ಸೇಡಂ' ಅನ್ನೋದನ್ನು ಯುಟಿಎಫ್-8ನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಹಾಗೇ ಕಳಿಸಿದೆ. ಅಲ್ಲಿ 'ಸ' ಒಂದಕ್ಕೇ 3 ಬೈಟ್. ನೀವು ಅದನ್ನು ಬಿಡಿಸಿ ಮತ್ತೆ ಜೆಸನ್_ಎನ್‌ಕೋಡ್ ಮಾಡಿದಾಗ ಪಿಎಚ್‌ಪಿ ತನ್ನ ಡಿಫಾಲ್ಟ್ ಪ್ರಕಾರ ಕನ್ನಡ ಅಕ್ಷರವನ್ನೆಲ್ಲ ಎಸ್ಕೇಪ್ ಮಾಡುತ್ತದೆ, ಅಂದರೆ ಸಂಕೇತವಾಗಿ ಬರೆಯುತ್ತದೆ. ಹಿಂದೆ ಬ್ಯಾಕ್‌ಸ್ಲ್ಯಾಶ್, ಆಮೇಲೆ ಯು, ಆಮೇಲೆ ನಾಲ್ಕು ಅಂಕಿ-ಅಕ್ಷರ. 3 ಬೈಟ್ ಇದ್ದದ್ದು 6 ಬೈಟ್ ಆಯಿತು. ಓದಿದರೆ ಅದೇ 'ಸ', ಲೆಕ್ಕಕ್ಕೆ ಬೇರೆಯೇ ಮಾತು. 12/3ರಲ್ಲೂ ಅದೇ: ಪಿಎಚ್‌ಪಿ ಓರೆಗೆರೆಯ ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್ ಸೇರಿಸುತ್ತದೆ.

ಎಸ್ಕೇಪ್ ಮಾಡಬೇಡ ಅಂತ ಹೇಳುವ ಫ್ಲ್ಯಾಗ್‌ಗಳು ಇವೆ. ಅವನ್ನು ಹಾಕಿ ಸರಿಮಾಡಲು ಹೋಗಬೇಡಿ. ಇವತ್ತು ಸರಿ ಕಾಣುತ್ತದೆ, ನಾಳೆ ಒಂದು ದಶಾಂಶ ಸಂಖ್ಯೆ ಅಥವಾ ಖಾಲಿ ಆಬ್ಜೆಕ್ಟ್ ಬಂದಾಗ ಮತ್ತೆ ಬೀಳುತ್ತದೆ. ಬಿಡಿಸುವ ಮುಂಚಿನ ಬಾಡಿಯನ್ನೇ ತೆಗೆದುಕೊಳ್ಳಿ. ಪಿಎಚ್‌ಪಿಯಲ್ಲಿ 'ಪಿಎಚ್‌ಪಿ://ಇನ್‌ಪುಟ್' ಓದಿದರೆ ಬಂದ ಬೈಟ್‌ಗಳು ಹಾಗೇ ಸಿಗುತ್ತವೆ. ಅದರ ಮೇಲೆ ಹ್ಯಾಶ್_ಎಚ್‌ಮ್ಯಾಕ್. ಸಹಿ ತಾಳೆ ಆದ ಮೇಲೆಯೇ ಜೆಸನ್ ಬಿಡಿಸಿ.

ನೋಡ್‌ನ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್‌ನಲ್ಲಿ ಬರೆಯುವವರು ಆ ಒಂದು ರೂಟ್‌ಗೆ ಜೆಸನ್ ಮಿಡಲ್‌ವೇರ್ ಬದಲು ರಾ ಮಿಡಲ್‌ವೇರ್ ಹಾಕಿ. ಪೈಥಾನ್‌ನ ಜೆಸನ್ ಮಾಡ್ಯೂಲ್ ಕೂಡ ಡಿಫಾಲ್ಟ್ ಆಗಿ ಕನ್ನಡವನ್ನು ಎಸ್ಕೇಪ್ ಮಾಡುತ್ತದೆ, ಅಲ್ಲೂ ಇದೇ ಎಚ್ಚರ.

ತೊಗರಿ_ಪಿಎಚ್‌ಪಿ

ಅಕ್ಕಾ, ಎಲ್ಲವೂ ಪಾಸ್! ಹಳೆ ಕರ್ಲ್ ಕಮಾಂಡ್ ಮತ್ತೆ ಓಡಿಸಿದೆ, 401 (ಅನುಮತಿ ಇಲ್ಲ ಅನ್ನುವ ಉತ್ತರ) ಬಂತು, ಮಿಲ್‌ನಲ್ಲಿ ಚೀಟಿ ಬರಲಿಲ್ಲ. ಪರೀಕ್ಷೆಗೆ ಇನ್ನು ಮೇಲೆ ಕನ್ನಡ ವಿಳಾಸದ ಒಂದು ಆರ್ಡರ್ ಯಾವಾಗಲೂ ಇಟ್ಟುಕೊಳ್ಳುತ್ತೇನೆ.

ಕಡಗಂಚಿ_ಎಂಸಿಎ

ನಾನಿನ್ನೂ ಓದುತ್ತಿದ್ದೇನೆ ಸರ್, ಒಂದು ಪ್ರಶ್ನೆ. ಸಹಿ ಸರಿ ಇದೆ ಅಂದರೆ ಚೀಟಿ ಪ್ರಿಂಟ್ ಮಾಡಬಹುದಲ್ವಾ? ಇನ್ನೇನು ಅಪಾಯ?

ಶಹಾಪುರ_ಸಿಸ್‌ಆಡ್ಮಿನ್

ಒಳ್ಳೆ ಪ್ರಶ್ನೆ ತಮ್ಮಾ. ಸಹಿ ಹೇಳುವುದು ಒಂದೇ: ಇದನ್ನು ಗೇಟ್‌ವೇಯೇ ಕಳಿಸಿದೆ, ದಾರಿಯಲ್ಲಿ ಯಾರೂ ತಿದ್ದಿಲ್ಲ. ಈ ದುಡ್ಡು ಈ ಆರ್ಡರ್‌ಗೆ ಸೇರಿದ್ದು, ಪೂರ್ತಿ ಬಂದಿದೆ ಅಂತ ಅದು ಹೇಳಲ್ಲ.

ಮಿಲ್‌ನವರ ಅದೇ ಖಾತೆಯಲ್ಲಿ ಬೇರೆ ಪೇಮೆಂಟ್ ಲಿಂಕ್‌ಗಳು ಇರಬಹುದು. ಯಾರೋ 1 ರೂಪಾಯಿ ಕಟ್ಟಿದರೂ 'ಪೇಮೆಂಟ್.ಕ್ಯಾಪ್ಚರ್ಡ್' ಬರುತ್ತದೆ, ಸಹಿಯೂ ಪಕ್ಕಾ ಇರುತ್ತದೆ. ಅದಕ್ಕೆ ಈವೆಂಟ್‌ನಲ್ಲಿರುವ ಆರ್ಡರ್ ಐಡಿ ನಿಮ್ಮ ಡೇಟಾಬೇಸ್‌ನಲ್ಲಿ ಇದೆಯಾ, ಆ ಆರ್ಡರ್‌ನ ಮೊತ್ತವೂ ಬಂದ ಮೊತ್ತವೂ ಒಂದೇನಾ ಅಂತ ನೋಡಲೇಬೇಕು. ಮೊತ್ತ ಪೈಸೆಯಲ್ಲಿ ಬರುವ ಗೇಟ್‌ವೇಗಳಿವೆ. ರೇಜರ್‌ಪೇಯಲ್ಲಿ 900 ರೂಪಾಯಿ 90000 ಅಂತ ಬರುತ್ತದೆ.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ವೆಬ್‌ಹುಕ್ ಬಂದದ್ದನ್ನು 'ಏನೋ ಆಗಿದೆ, ಹೋಗಿ ನೋಡು' ಅನ್ನುವ ಸುದ್ದಿ ಅಂತ ಮಾತ್ರ ತೆಗೆದುಕೊಳ್ಳುತ್ತೇನೆ. ಮಾಲು ಹೊರಗೆ ಹೋಗುವಂಥ ಕೆಲಸ ಇದ್ದರೆ, ಪೇಮೆಂಟ್ ಐಡಿ ಹಿಡಿದು ಗೇಟ್‌ವೇಯ ಎಪಿಐಯನ್ನು ನಮ್ಮ ಕಡೆಯಿಂದ ಒಮ್ಮೆ ಕೇಳುತ್ತೇನೆ. ಅಲ್ಲಿ ಬಂದ ಉತ್ತರದ ಮೇಲೆ ಚೀಟಿ.

ಇನ್ನೊಂದು, ಒಂದೇ ಈವೆಂಟ್ ಎರಡು ಸಲ ಬರುತ್ತದೆ. ಬಂದೇ ಬರುತ್ತದೆ. ನೀವು ಉತ್ತರ ಕೊಡುವುದು ತಡವಾದರೆ ಕಳಿಸುವವರು ತಲುಪಿಲ್ಲ ಅಂದುಕೊಂಡು ಮತ್ತೆ ಕಳಿಸುತ್ತಾರೆ. ರೇಜರ್‌ಪೇ 5 ಸೆಕೆಂಡ್ ಒಳಗೆ ಉತ್ತರ ಬಯಸುತ್ತದೆ. ಅಷ್ಟರಲ್ಲಿ ವಾಟ್ಸಾಪ್ ಕಳಿಸಿ, ಕೊರಿಯರ್ ಬುಕ್ ಮಾಡಿ ಮುಗಿಸುತ್ತೇನೆ ಅಂದರೆ ಆಗಲ್ಲ. ಎರಡು ಪಾಕೀಟು ಹೋಗುತ್ತವೆ.

ಕ್ರಮ ಹೀಗಿಡಿ. ಸಹಿ ನೋಡು, ಟೇಬಲ್‌ನಲ್ಲಿ ಒಂದು ಸಾಲು ಬರೆ, 200 (ತಲುಪಿತು ಅನ್ನುವ ಉತ್ತರ) ಕೊಡು, ಮುಗೀತು. ಉಳಿದ ಕೆಲಸವನ್ನು ಬೇರೆ ವರ್ಕರ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಆ ಟೇಬಲ್ ನೋಡಿ ಮಾಡಲಿ. ಟೇಬಲ್‌ನ ಈವೆಂಟ್ ಐಡಿ ಕಾಲಂಗೆ ಯೂನಿಕ್ ಕೀ (ಒಂದೇ ಐಡಿ ಎರಡು ಸಲ ಬರೆಯಲು ಬಿಡದ ನಿಯಮ) ಹಾಕಿ. ಎರಡನೇ ಸಲ ಬಂದದ್ದನ್ನು ಡೇಟಾಬೇಸ್ ಒಳಗೆ ಬಿಡಲ್ಲ. ಆಗಲೂ 200 ಕೊಡಿ, ಇಲ್ಲವಾದರೆ ಮತ್ತೆ ಕಳಿಸುತ್ತಲೇ ಇರುತ್ತಾರೆ. ಮೊದಲು ಸೆಲೆಕ್ಟ್ ಮಾಡಿ ಇಲ್ಲ ಅಂತ ನೋಡಿ ಆಮೇಲೆ ಇನ್ಸರ್ಟ್ ಮಾಡುವ ಕೋಡ್ ಬೇಡ. ಎರಡೂ ಒಂದೇ ಕ್ಷಣಕ್ಕೆ ಬಂದರೆ ಎರಡೂ ನುಗ್ಗುತ್ತವೆ.

ಬಿದ್ರಿ_ಬ್ಯಾಕೆಂಡ್

ಇದಕ್ಕೆ ಸೇರಿಸುತ್ತೇನೆ. ಯಾರೋ ನಿಜವಾದ ಒಂದು ವೆಬ್‌ಹುಕ್ ಹಿಡಿದಿಟ್ಟು ಸಹಿ ಸಮೇತ ತಿಂಗಳಾದ ಮೇಲೆ ಮತ್ತೆ ಕಳಿಸಬಹುದು. ಸ್ಟ್ರೈಪ್ ಇದಕ್ಕೆ ಸಹಿಯ ಒಳಗೇ ಸಮಯ ಸೇರಿಸುತ್ತದೆ, ಅವರ ಲೈಬ್ರರಿ ಡಿಫಾಲ್ಟ್ ಆಗಿ 5 ನಿಮಿಷಕ್ಕಿಂತ ಹಳೆಯದನ್ನು ತಳ್ಳಿಹಾಕುತ್ತದೆ. ಚಾಟ್ ಸೇವೆ ಸ್ಲ್ಯಾಕ್ ಕೂಡ ಸಮಯ ಸೇರಿಸಿಯೇ ಸಹಿ ಹಾಕುತ್ತದೆ. ಹಾಗಿದ್ದಲ್ಲಿ ಸರ್ವರ್ ಗಡಿಯಾರ ಎನ್‌ಟಿಪಿಯಿಂದ (ಇಂಟರ್‌ನೆಟ್ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ಸರಿ ಇರಬೇಕು. ಸಮಯ ಇಲ್ಲದ ಕಡೆ ಆ ಯೂನಿಕ್ ಕೀಯೇ ನಿಮ್ಮನ್ನು ಕಾಯುವುದು, ಹಾಗಾಗಿ ಹಳೆ ಈವೆಂಟ್ ಐಡಿಗಳನ್ನು ಬೇಗ ಅಳಿಸಬೇಡಿ.

ಬರುವ ಕ್ರಮವನ್ನೂ ನಂಬಬೇಡಿ. 'ಆಥರೈಸ್ಡ್' (ಬ್ಯಾಂಕ್ ಒಪ್ಪಿತು) ಅನ್ನೋದು 'ಕ್ಯಾಪ್ಚರ್ಡ್' ಆದ ಮೇಲೆ ಬರಬಹುದು. ಮುಂದೆ ಹೋದ ಆರ್ಡರ್ ಸ್ಥಿತಿ ಹಿಂದಕ್ಕೆ ಬರದ ಹಾಗೆ ಬರೆಯಿರಿ.

ತೊಗರಿ_ಪಿಎಚ್‌ಪಿ

ಟೇಬಲ್, ವರ್ಕರ್ ಮಾಡುತ್ತಿದ್ದೇನೆ. ಪ್ರಿಂಟರ್ ಬಗ್ಗೆ ಕೇಳಬೇಕು. ಈಗ ಮಿಲ್‌ನ ಕಂಪ್ಯೂಟರ್‌ಗೆ ರೂಟರ್‌ನಲ್ಲಿ ಪೋರ್ಟ್ ತೆರೆದಿಟ್ಟಿದ್ದಾರೆ. ಸರ್ವರ್ ನೇರ ಅದಕ್ಕೆ ಕಳಿಸುತ್ತದೆ. ಕರೆಂಟ್ ಹೋದಾಗ ಆ ಹೊತ್ತಿನ ಚೀಟಿಗಳು ಹೋದ ಹಾಗೇ.

ಶಹಾಪುರ_ಸಿಸ್‌ಆಡ್ಮಿನ್

ಆ ಪೋರ್ಟ್ ಇವತ್ತೇ ಮುಚ್ಚಿಸಿ. ಲೆಕ್ಕಪತ್ರ ಇರುವ ಅದೇ ಕಂಪ್ಯೂಟರ್ ಇಡೀ ಇಂಟರ್‌ನೆಟ್‌ಗೆ ತೆರೆದಿದೆ ಅಂದರೆ ಭಯ ಆಗುತ್ತದೆ.

ದಿಕ್ಕು ತಿರುಗಿಸಿ. ವೆಬ್‌ಹುಕ್ ತೆಗೆದುಕೊಳ್ಳುವುದು ಕ್ಲೌಡ್ ಸರ್ವರ್ ಮಾತ್ರ. ಮಿಲ್‌ನ ಕಂಪ್ಯೂಟರ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ತಾನೇ ಎಚ್‌ಟಿಟಿಪಿಎಸ್ ಮೇಲೆ ಹೋಗಿ 'ಪ್ರಿಂಟ್ ಆಗದ ಚೀಟಿ ಇದೆಯಾ' ಅಂತ ಕೇಳಲಿ. ಪ್ರಿಂಟ್ ಆದ ಮೇಲೆ ಆಯಿತು ಅಂತ ತಿಳಿಸಲಿ. ಒಳಗೆ ಬರುವ ದಾರಿಯೇ ಬೇಕಾಗಲ್ಲ. ಕರೆಂಟ್ ಬಂದ ಮೇಲೆ ಸ್ಕ್ರಿಪ್ಟ್ ಬಿಟ್ಟಲ್ಲಿಂದ ಶುರು ಮಾಡುತ್ತದೆ. ಬ್ರಾಡ್‌ಬ್ಯಾಂಡ್‌ನವರು ಪಬ್ಲಿಕ್ ಐಪಿ ಕೊಡದಿದ್ದರೂ ನಡೆಯುತ್ತದೆ. ಆ ಸ್ಕ್ರಿಪ್ಟ್‌ಗೆ ಚೀಟಿ ಓದುವುದಕ್ಕೆ, ಪ್ರಿಂಟ್ ಆಯಿತು ಅಂತ ತಿಳಿಸುವುದಕ್ಕೆ ಮಾತ್ರ ಆಗುವ ಬೇರೆ ಟೋಕನ್ (ಪ್ರವೇಶದ ಗುಪ್ತ ಸಂಕೇತ) ಕೊಡಿ.

ಕಡಗಂಚಿ_ಎಂಸಿಎ

ಇಷ್ಟೆಲ್ಲ ಬರೆಯುವ ಬದಲು ಎನ್‌ಏಟ್‌ಎನ್ (ಕೆಲಸಗಳನ್ನು ಎಳೆದು ಜೋಡಿಸುವ ಆಟೊಮೇಶನ್ ಸಾಫ್ಟ್‌ವೇರ್) ಹಾಕಿದರೆ ಆಗಲ್ವಾ? ವೆಬ್‌ಹುಕ್ ನೋಡ್ ಎಳೆದು ಬಿಟ್ಟರೆ ಮುಗೀತು.

ಬಿದ್ರಿ_ಬ್ಯಾಕೆಂಡ್

ನಾವೂ ಬಳಸುತ್ತೇವೆ, ವರ್ಕ್‌ಫ್ಲೋಗೆ ಚೆನ್ನಾಗಿದೆ. ಆದರೆ ಅದರ ವೆಬ್‌ಹುಕ್ ನೋಡ್‌ನಲ್ಲಿ ಅಥೆಂಟಿಕೇಶನ್ ಡಿಫಾಲ್ಟ್ ಆಗಿ 'ನನ್' ಇರುತ್ತದೆ. ಬೇಸಿಕ್, ಹೆಡರ್, ಜೆಡಬ್ಲ್ಯೂಟಿ ಆಯ್ಕೆಗಳಿವೆ. ಕಳಿಸುವ ಕಡೆಯೂ ನಮ್ಮದೇ ಆಗಿದ್ದರೆ ಹೆಡರ್ ಸಾಕು. ಗೇಟ್‌ವೇ ನಮ್ಮ ಇಷ್ಟದ ಹೆಡರ್ ಕಳಿಸಲ್ಲ, ತನ್ನ ಸಹಿ ಮಾತ್ರ ಕಳಿಸುತ್ತದೆ. ಆಗ ರಾ ಬಾಡಿ ಆಯ್ಕೆ ಆನ್ ಮಾಡಿ, ಸಹಿಯನ್ನು ನೀವೇ ನೋಡಬೇಕು.

ನಮ್ಮಲ್ಲಿ ಮುಂದೆ ಒಂದು ಸಣ್ಣ ಪಿಎಚ್‌ಪಿ ಫೈಲ್ ಸಹಿ ನೋಡುತ್ತದೆ, ಟೇಬಲ್‌ಗೆ ಬರೆಯುತ್ತದೆ. ಆಮೇಲೆ ಅದೇ ಸರ್ವರ್ ಒಳಗಿನ ಎನ್‌ಏಟ್‌ಎನ್‌ಗೆ ಕೊಡುತ್ತದೆ. ಅದರ 5678 ಪೋರ್ಟ್ ಹೊರಗಿನವರಿಗೆ ಮುಚ್ಚಿದೆ. ಅದರೊಳಗೆ ವಾಟ್ಸಾಪ್, ಕೊರಿಯರ್, ಗೂಗಲ್ ಶೀಟ್ ಎಲ್ಲದರ ಕೀ ಇರುತ್ತವೆ. ಅದನ್ನು ನೇರ ಬಯಲಿಗೆ ಇಡಲು ನನಗೆ ಮನಸ್ಸು ಒಪ್ಪಲ್ಲ.

ನಮ್ಮ ಕೈಯಲ್ಲಿರುವ ಒಂದು ಬಿದ್ರಿ ಅಂಗಡಿಯ ಸೈಟ್‌ನ ಡಿಪ್ಲಾಯ್ (ಹೊಸ ಕೋಡ್ ಸರ್ವರ್‌ಗೆ ಹಾಕುವುದು) ಬಗ್ಗೆಯೂ ಹೇಳಬೇಕು, ಇದು ಆರ್ಡರ್‌ಗಿಂತ ದೊಡ್ಡ ಅಪಾಯ. ಗಿಟ್‌ಹಬ್‌ಗೆ ಪುಶ್ ಮಾಡಿದ ಕೂಡಲೇ ಸರ್ವರ್‌ನಲ್ಲಿ ಕೋಡ್ ಹೊಸದಾಗಲಿ ಅಂತ ಒಂದು ಡಿಪ್ಲಾಯ್ ಫೈಲ್ ಇಡುವುದು ವಾಡಿಕೆ. ನಾನು ನೋಡಿದ ಒಂದು ಫೈಲ್‌ನಲ್ಲಿ ಪೇಲೋಡ್‌ನಿಂದ (ವೆಬ್‌ಹುಕ್‌ನ ಒಳಗಿನ ಡೇಟಾ) ಬಂದ ಬ್ರಾಂಚ್ (ಕೋಡ್‌ನ ಕವಲು) ಹೆಸರನ್ನು ನೇರ ಶೆಲ್ ಕಮಾಂಡ್‌ಗೆ ಅಂಟಿಸಿದ್ದರು. ಬ್ರಾಂಚ್ ಹೆಸರಿನಲ್ಲಿ ಸೆಮಿಕೋಲನ್ ಹಾಕಿ ಮುಂದೆ ಬೇರೆ ಕಮಾಂಡ್ ಬರೆದರೆ ಸರ್ವರ್ ಅದನ್ನೂ ಓಡಿಸುತ್ತದೆ. ಗಿಟ್ ಬ್ರಾಂಚ್ ಹೆಸರಿನಲ್ಲಿ ಸ್ಪೇಸ್ ಬಿಡಲ್ಲ, ಸೆಮಿಕೋಲನ್ ಬಿಡುತ್ತದೆ.

ಪೇಲೋಡ್‌ನ ಯಾವ ಮಾತೂ ಕಮಾಂಡ್ ಒಳಗೆ ಹೋಗಬಾರದು. ಸಹಿ ನೋಡಿ, ಬ್ರಾಂಚ್ 'ಮೇನ್' ಹೌದಾ ಅಂತ ಹೋಲಿಸಿ, ಹೌದಾದರೆ ಮೊದಲೇ ಬರೆದಿಟ್ಟ ಸ್ಕ್ರಿಪ್ಟ್ ಓಡಿಸಿ. ರೂಟ್ ಯೂಸರ್ ಬೇಡ. ಗಿಟ್‌ಹಬ್ 10 ಸೆಕೆಂಡ್ ಮಾತ್ರ ಕಾಯುತ್ತದೆ, ತಪ್ಪಿದ್ದನ್ನು ತಾನಾಗೇ ಮತ್ತೆ ಕಳಿಸಲ್ಲ. ಆದ್ದರಿಂದ ಇಲ್ಲೂ ಮೊದಲು ಉತ್ತರ, ಆಮೇಲೆ ಕೆಲಸ.

ತೊಗರಿ_ಪಿಎಚ್‌ಪಿ

ಐಪಿ ಪಟ್ಟಿ ಹಾಕಿ ಗೇಟ್‌ವೇ ಬಿಟ್ಟು ಬೇರೆ ಯಾರೂ ಬರದ ಹಾಗೆ ಮಾಡಿದರೆ ಸಹಿ ಬೇಕಾ ಅಂತ ಮಿಲ್‌ನವರ ಪರಿಚಯದವರು ಒಬ್ಬರು ಕೇಳುತ್ತಿದ್ದಾರೆ.

ಶಹಾಪುರ_ಸಿಸ್‌ಆಡ್ಮಿನ್

ಸಹಿ ಬೇಕೇ ಬೇಕು. ಐಪಿ ಪಟ್ಟಿ ಮೇಲೊಂದು ಪದರ, ಕಸ ಕಡಿಮೆ ಆಗುತ್ತದೆ. ಆದರೆ ಪಟ್ಟಿ ಬದಲಾಗುತ್ತದೆ. ಗಿಟ್‌ಹಬ್ ತನ್ನದನ್ನು ಮೆಟಾ ಎಪಿಐಯಲ್ಲಿ ಕೊಡುತ್ತದೆ, ಅದನ್ನು ಆಗಾಗ ಓದಿ ನವೀಕರಿಸುವವರು ಬೇಕು. ಯಾರೂ ನೋಡದೆ ಬಿಟ್ಟರೆ ಒಂದು ದಿನ ನಿಜವಾದ ಪೇಮೆಂಟ್ ಸುದ್ದಿಯೇ ನಿಲ್ಲುತ್ತದೆ.

ನಿಲ್ಲುವ ಮಾತು ಬಂದಿದ್ದಕ್ಕೆ: ರೇಜರ್‌ಪೇಯಲ್ಲಿ 24 ಗಂಟೆ ಸತತ ಫೇಲ್ ಆದರೆ ವೆಬ್‌ಹುಕ್ಕನ್ನೇ ಆಫ್ ಮಾಡುತ್ತಾರೆ. ಸೈಟ್‌ನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಅವಧಿ ಮುಗಿದರೂ ಇದೇ ಗತಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಮಾಮೂಲಿ ಸರ್ಟಿಫಿಕೇಟ್ 90 ದಿನದ್ದು, ತಾನಾಗೇ ನವೀಕರಣ ಆಗುತ್ತಿದೆಯಾ ನೋಡಿ. ದಿನಕ್ಕೊಮ್ಮೆ ಗೇಟ್‌ವೇ ಎಪಿಐಯಿಂದ ಆ ದಿನದ ಪೇಮೆಂಟ್ ಪಟ್ಟಿ ತಂದು ನಿಮ್ಮ ಟೇಬಲ್ ಜೊತೆ ತಾಳೆ ನೋಡುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗೇ ಓಡುವ ಕೆಲಸ) ಇಡಿ. ದುಡ್ಡು ಕಟ್ಟಿದ ಗಿರಾಕಿಗೆ ಬೇಳೆ ಹೋಗದೇ ಇರುವುದು ಸುಳ್ಳು ಆರ್ಡರ್‌ಗಿಂತ ಕೆಟ್ಟದ್ದು.

ಲಾಗ್ ಇಡಿ, ಆದರೆ ಈವೆಂಟ್ ಐಡಿ, ಸಮಯ, ಪಾಸ್-ಫೇಲ್ ಇಷ್ಟೇ ಸಾಕು. ಗಿರಾಕಿ ಫೋನ್ ನಂಬರ್, ವಿಳಾಸ ಲಾಗ್‌ನಲ್ಲಿ ಸುರಿಯಬೇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಲ್ಲಿ ಲಾಗ್ 180 ದಿನ ಇಡಬೇಕು, ಭದ್ರತೆಯ ಘಟನೆಯನ್ನು 6 ಗಂಟೆ ಒಳಗೆ ತಿಳಿಸಬೇಕು ಅಂತ ಇದೆ. ಮಿಲ್ ಮಾಲೀಕರಿಗೂ ಇದು ಗೊತ್ತಿರಲಿ.

ತೊಗರಿ_ಪಿಎಚ್‌ಪಿ

ಪೋರ್ಟ್ ಮುಚ್ಚಿಸಿದೆವು. ಸ್ಕ್ರಿಪ್ಟ್ ಓಡುತ್ತಿದೆ. ಕರೆಂಟ್ ತೆಗೆದು ನೋಡಿದೆವು, ಬಂದ ಮೇಲೆ ನಿಂತಿದ್ದ ಚೀಟಿಗಳು ಸಾಲಾಗಿ ಪ್ರಿಂಟ್ ಆದವು, ಒಂದೂ ಎರಡು ಸಲ ಬರಲಿಲ್ಲ. ಕೊರಿಯರ್ ಬುಕಿಂಗ್ ಮತ್ತೆ ಆನ್ ಮಾಡಿದೆ.

ಒಂದು ಉಳಿದಿದೆ. ಸೀಕ್ರೆಟ್ ಬದಲಿಸಬೇಕಾದರೆ ಆ ನಡುವೆ ಬಂದ ಪೇಮೆಂಟ್‌ಗಳ ಗತಿ ಏನು?

ಬಿದ್ರಿ_ಬ್ಯಾಕೆಂಡ್

ಕೆಲವು ದಿನ ಎರಡೂ ಸೀಕ್ರೆಟ್ ಇಟ್ಟುಕೊಳ್ಳಿ. ಹೊಸದರಲ್ಲಿ ತಾಳೆ ನೋಡಿ, ಆಗದಿದ್ದರೆ ಹಳೆಯದರಲ್ಲಿ. ಮೊದಲು ಸರ್ವರ್‌ನಲ್ಲಿ ಎರಡನ್ನೂ ಹಾಕಿ, ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಬದಲಿಸಿ. ಹಳೆಯ ಈವೆಂಟ್ ಮರಳಿ ಬಂದರೆ ಅದು ಹಳೆ ಸಹಿಯಲ್ಲೇ ಬರಬಹುದು. ಮತ್ತೆ ಕಳಿಸುವ ಅವಧಿ ಮುಗಿದ ಮೇಲೆ ಹಳೆಯದನ್ನು ತೆಗೆಯಿರಿ. ಯಾವುದು ಪಾಸ್ ಆಯಿತು ಅಂತ ಲಾಗ್‌ನಲ್ಲಿ ಬರೆಸಿದರೆ ಹಳೆಯದರ ಬಳಕೆ ನಿಂತದ್ದು ಕಾಣುತ್ತದೆ.

ಸೀಕ್ರೆಟ್ ಸೋರಿದ್ದಕ್ಕೆ ಬದಲಿಸುತ್ತಿದ್ದರೆ ಮಾತ್ರ ಈ ಸೌಲಭ್ಯ ಇಲ್ಲ. ಹಳೆಯದನ್ನು ಆ ಕ್ಷಣಕ್ಕೇ ತೆಗೆಯಬೇಕು. ನಡುವೆ ಬಿದ್ದುಹೋದ ಪೇಮೆಂಟ್‌ಗಳು ಸರ್ ಹೇಳಿದ ಆ ದಿನದ ತಾಳೆ ಪಟ್ಟಿಯಲ್ಲಿ ಸಿಗುತ್ತವೆ. ಹಳೆ ಡೆವಲಪರ್ ಬಳಿ ಸರ್ವರ್ ಲಾಗಿನ್ ಇನ್ನೂ ಇದ್ದರೆ ಅದನ್ನೂ ಅದೇ ಹೊತ್ತಿಗೆ ತೆಗೆಸಿ.